ಮಗುವಿಗೆ ತಿಂಗಳಿಗೆ ಎಷ್ಟು ಬರುತ್ತೆ, ಮೇಡಂ?

ಗಂಡ ಹೆಂಡತಿ ಬೇರೆಯಾದಾಗ ಮಗುವಿನ ಖರ್ಚಿಗೆ ಕೊಡುವ ಜೀವನಾಂಶದ ವಿಷಯಕ್ಕೆ ನನ್ನ ಆಫೀಸಿಗೆ ಬಂದವರು ಕೂತು ನೀರು ಕುಡಿಯುವ ಮೊದಲೇ ಕೇಳುವ ಪ್ರಶ್ನೆ ಇದು. ಗಂಡಸರಾದರೆ "ಎಷ್ಟು ಕೊಡಬೇಕಾಗುತ್ತೆ?" ಎನ್ನುತ್ತಾರೆ. ಸಂಬಳದ 25 ಪರ್ಸೆಂಟ್ ಅಂತ ಇಬ್ಬರಿಗೂ ಯಾರೋ ಹೇಳಿರುತ್ತಾರೆ.

ಮಕ್ಕಳ ಜೀವನಾಂಶಕ್ಕೆ ನಮ್ಮ ಕಾನೂನಿನಲ್ಲಿ ಅಂಥ ಪರ್ಸೆಂಟ್ ಇಲ್ಲ. ಆ 25ರ ಮಾತು 2017ರ ಸುಪ್ರೀಂ ಕೋರ್ಟ್ ತೀರ್ಪೊಂದರದ್ದು. ಅದು ಹೆಂಡತಿಗೆ ಕೊಡುವ ಹಣದ ಬಗ್ಗೆ. ಮಕ್ಕಳ ವಿಷಯಕ್ಕೆ ಬಂದರೆ ಜಡ್ಜ್ ಮುಖ್ಯವಾಗಿ ಕೇಳುವುದು, ಈ ಮಗುವಿಗೆ ಎಷ್ಟು ಬೇಕು, ಅಪ್ಪ ಅಮ್ಮನ ಕೈಲಿ ಎಷ್ಟು ಆಗುತ್ತೆ ಅಂತ.

ಎಷ್ಟು ಆಗುತ್ತೆ ಅನ್ನುವುದಕ್ಕೆ ಬಾಯಿಮಾತು ಸಾಲದು. ಸುಪ್ರೀಂ ಕೋರ್ಟಿನ 2020ರ ರಜನೇಶ್-ನೇಹಾ ತೀರ್ಪಿನ ನಂತರ ಇಬ್ಬರೂ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ, ಹಾಕಬೇಕು. ಸಂಬಳ, ಬ್ಯಾಂಕ್ ಖಾತೆ, ಆಸ್ತಿ, ಸಾಲ ಎಲ್ಲವೂ ಅದರಲ್ಲಿ ಬರಬೇಕು. "ಕೈಗೆ ಬರೋದೇ ಇಷ್ಟು, ಉಳಿದದ್ದು ಕಾರಿನ ಇಎಂಐ" ಅಂದರೆ ಸಾಮಾನ್ಯವಾಗಿ ಕೋರ್ಟ್ ಒಪ್ಪುವುದಿಲ್ಲ. ತೆರಿಗೆ, ಕಡ್ಡಾಯ ಪಿಎಫ್ ಕಳೆಯುತ್ತಾರೆ. ತಾಯಿಗೂ ಒಳ್ಳೆಯ ದುಡಿಮೆ ಇದ್ದರೆ ಮಗುವಿನ ಖರ್ಚನ್ನು ಇಬ್ಬರ ಆದಾಯಕ್ಕೆ ತಕ್ಕಂತೆ ಹಂಚಬಹುದು. ಅಪ್ಪನಿಗೆ 60 ಸಾವಿರ, ಅಮ್ಮನಿಗೆ 30 ಸಾವಿರ, ಮಗುವಿನ ಖರ್ಚು 18 ಸಾವಿರ ಅಂದುಕೊಳ್ಳಿ. ಹಾಗೆ ಹಂಚಿದರೆ ಅಪ್ಪನ ಪಾಲು 12 ಸಾವಿರ. ಇದು ಅಂದಾಜು ಹಿಡಿಯಲು ಹೇಳಿದ್ದು, ಸೂತ್ರ ಅಲ್ಲ.

ಎಷ್ಟು ಬೇಕು ಅನ್ನುವ ಕಡೆ ತಾಯಂದಿರೇ ಎಡವುತ್ತಾರೆ. ನನಗೆ ಬೇಜಾರಾಗುವುದೂ ಅಲ್ಲೇ. ಒಬ್ಬ ತಾಯಿ ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಖರ್ಚು ಬರೆದು ತಂದಿದ್ದರು. ಹಾಲು, ವ್ಯಾನ್ ಫೀಸು, ಟ್ಯೂಷನ್, ಔಷಧಿ. ಒಟ್ಟು 6,200. "ಸ್ಕೂಲ್ ಫೀಸು ಎಲ್ಲಿ?" ಎಂದೆ. "ಅದು ವರ್ಷಕ್ಕೊಂದ್ಸಲ ಅಲ್ವಾ ಮೇಡಂ?" ಎಂದರು. ಫೀಸು, ಯೂನಿಫಾರ್ಮ್, ಶೂ, ಕನ್ನಡಕ ಎಲ್ಲ ಸೇರಿಸಿ 12ರಿಂದ ಭಾಗಿಸಿದೆವು. ಆಮೇಲೂ ಒಂದು ಬಿಟ್ಟುಹೋಗಿತ್ತು: ಮನೆ ಬಾಡಿಗೆ. ಮಗು ಮಲಗುವುದೂ ಅದೇ ಮನೆಯಲ್ಲಿ ತಾನೇ? ಪೆನ್ನು ತೆಗೆದುಕೊಂಡು ಅವರೇ ಬರೆದರು. ಆದ್ದರಿಂದ ರಸೀದಿ ಎಸೆಯಬೇಡಿ. ಯುಪಿಐ ಸ್ಟೇಟ್‌ಮೆಂಟ್ ಕೂಡ ಸಾಕ್ಷಿಯೇ.

ಇನ್ನೊಂದು, ದಿನಾಂಕ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು ಅಂತ ಅದೇ 2020ರ ತೀರ್ಪು ಹೇಳಿದೆ. ಹಿರಿಯರು ಮಾತಾಡಿ ಸರಿಮಾಡುತ್ತಾರೆ ಅಂತ ಎರಡು ವರ್ಷ ಕಾದರೆ ಆ ಎರಡು ವರ್ಷದ ಹಣ ಸಿಗುವುದು ಕಷ್ಟ. ಕೇಸು ಮುಗಿಯುವವರೆಗೆ ಮಧ್ಯಂತರ ಜೀವನಾಂಶವನ್ನೂ ಕೇಳಬಹುದು. ಮುಂದೆ ಫೀಸು ಜಾಸ್ತಿಯಾದರೆ, ಅಪ್ಪನ ಕೆಲಸ ಹೋದರೆ, ಮೊತ್ತ ಬದಲಿಸಿ ಅಂತ ಇಬ್ಬರೂ ಅರ್ಜಿ ಹಾಕಬಹುದು.

"ಮಗು ತೋರಿಸೋವರೆಗೂ ದುಡ್ಡಿಲ್ಲ", "ದುಡ್ಡು ಕೊಡೋವರೆಗೂ ಮಗು ತೋರಿಸಲ್ಲ" ಎಂಬ ಮಾತು ಇಬ್ಬರಿಂದಲೂ ಕೇಳುತ್ತೇನೆ. ದಯವಿಟ್ಟು ಬೇಡ. ನೋಡಲು ಬಿಡದಿದ್ದರೆ ಅದಕ್ಕೆ ಬೇರೆ ಅರ್ಜಿ ಇದೆ. ಜೂನ್‌ನಲ್ಲಿ ಸ್ಕೂಲ್ ಶುರುವಾಗುತ್ತೆ, ಅಷ್ಟರಲ್ಲಿ ಫೀಸು ಕಟ್ಟಿರಬೇಕು.