ಉಪ್ಪು ಕಮ್ಮಿ ಆಯ್ತಾ?

ಬುಧವಾರದಿಂದ ಈ ಪ್ರಶ್ನೆ ತಲೆಯಲ್ಲೇ ಕೂತಿದೆ. “ಉಪ್ಪು ಕಮ್ಮಿ ಆಯ್ತಾ ಮೇಡಂ?”

ಕೇಳಿದವರು ಮೂಡಿಗೆರೆ ಕಡೆಯ ಯಜಮಾನರು. ಬಸ್ಸಲ್ಲಿ ಹಾಸನಕ್ಕೆ ಬಂದು ನಮ್ಮ ಲ್ಯಾಬಿನ ಕಿಟಕಿಯಲ್ಲಿ ಹಾರ್ಲಿಕ್ಸ್ ಬಾಟಲಿ ಇಟ್ಟರು. ಒಳಗೆ ಪರೀಕ್ಷೆಗೆ ತಂದ ಅವರ ಹೆಂಡತಿಯ ಪಿತ್ತಕೋಶ. ಆಪರೇಷನ್ ಆಗಿದ್ದು ಸೋಮವಾರ. ಕಲ್ಲುಗಳು ಬೇರೆಯಾಗಿ ಬೆಂಕಿಪೊಟ್ಟಣದಲ್ಲಿ, ಜೇಬಿನಲ್ಲಿ ಭದ್ರವಾಗಿದ್ದವು.

“ಮಿಡಿ ಹಾಕೋ ಹಾಗೇ ಹಾಕಿದ್ದೀನಿ. ಅದು ವರ್ಷ ಇಟ್ರೂ ಕೆಡಲ್ಲ.”

ನಗು ತಡೆದುಕೊಂಡೆ. “ಫಾರ್ಮಲಿನ್‌ನಲ್ಲಿ ಹಾಕ್ಬೇಕಿತ್ತು ಯಜಮಾನ್ರೇ” ಅಂದೆ. ದೇಹದ ತುಂಡು ಕೆಡದಂತೆ ನಾವು ಬಳಸೋ ದ್ರವ ಅದು. ಅವರ ಮನೆಯಲ್ಲಿ ಫಾರ್ಮಲಿನ್ ಕ್ಯಾನ್ ಇರುತ್ತದೆ ಅನ್ನೋ ಹಾಗೆ! ಅವರ ಮುಖ ಸಣ್ಣದಾಯ್ತು. ಆಗ ಕೇಳಿದ್ದು ಈ ಪ್ರಶ್ನೆ.

ನಾನು ಪೆಥಾಲಜಿಯಲ್ಲಿ ಎರಡನೇ ವರ್ಷದ ಪಿಜಿ. ಫಿಕ್ಸೇಷನ್, ಅಂದ್ರೆ ತುಂಡನ್ನು ಇದ್ದ ಹಾಗೇ ಉಳಿಸೋ ಪಾಠ, ಬಾಯಿಗೆ ಬರುತ್ತೆ. ಫಾರ್ಮಲಿನ್‌ನ ಈ ಗುಣವನ್ನು 1893ರಲ್ಲಿ ಫರ್ಡಿನಾಂಡ್ ಬ್ಲೂಮ್ ಕಂಡುಕೊಂಡಿದ್ದು, ತುಂಡಿನ ಹತ್ತು ಪಟ್ಟು ದ್ರವ, ಗಂಟೆಗೆ ಸುಮಾರು 1 ಮಿ.ಮೀ. ಒಳಗಿಳಿಯುತ್ತೆ. ಕಿಟಕಿಯಲ್ಲಿ ಇದ್ಯಾವುದೂ ಕೆಲಸಕ್ಕೆ ಬರಲಿಲ್ಲ. ಉಪ್ಪು ಕೊಳೆಸೋ ಕ್ರಿಮಿಯನ್ನು ತಡೆಯುತ್ತೆ. ಆದರೆ ದೇಹದಿಂದ ಹೊರಬಂದ ಮೇಲೆ ಜೀವಕೋಶ ತನ್ನನ್ನು ತಾನೇ ಕರಗಿಸಿಕೊಳ್ಳುತ್ತೆ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಇದ್ದ ಹಾಗೇ ನಿಲ್ಲಿಸುತ್ತೆ. ಅದರಲ್ಲೂ ಪಿತ್ತಕೋಶದ ಒಳಪದರ ಬೇಗ ಹಾಳಾಗುವಂಥದ್ದು.

ವಿಚಿತ್ರ ಅಂದ್ರೆ, ಉಪ್ಪು ಪೂರ್ತಿ ತಪ್ಪೂ ಅಲ್ಲ. ಹೋದ ತಿಂಗಳು ಪೋಸ್ಟ್‌ಮಾರ್ಟಂ ನೋಡಲು ಶವಾಗಾರಕ್ಕೆ ಹೋಗಿದ್ದೆ. ವಿಷ ಕುಡಿದ ಅನುಮಾನದ ಕೇಸು. ಹೊಟ್ಟೆ, ಲಿವರ್, ಕಿಡ್ನಿ ತುಂಡುಗಳ ಬಾಟಲಿಗೆ ಅಭ್ಯಾಸಬಲದಿಂದ ಫಾರ್ಮಲಿನ್ ಸುರಿಯಲು ಹೊರಟೆ. ಅಲ್ಲಿನ ಸಹಾಯಕರು ಕೈ ಹಿಡಿದರು. “ಅದು ಬೇಡ ಮೇಡಂ, ಆಮೇಲೆ ವಿಷ ಸಿಗಲ್ಲ.” ಅದಕ್ಕೆ ಬೇಕಾದ್ದು ಉಪ್ಪುನೀರೇ, ಇನ್ನು ಕರಗದೆ ತಳದಲ್ಲಿ ಉಪ್ಪು ನಿಲ್ಲುವಷ್ಟು ಗಟ್ಟಿ. ಮೂವತ್ತು ವರ್ಷ ಅಲ್ಲೇ ಕೆಲಸ ಮಾಡಿದವರು. ನನಗೆ ಪಾಠ ಹೇಳುವ ಕೆಲವರಿಗಿಂತ ಜಾಸ್ತಿ ಗೊತ್ತು ಅವರಿಗೆ.

ಯಜಮಾನರ ಬಾಟಲಿಯ ತಳದಲ್ಲೂ ಉಪ್ಪು ನಿಂತಿತ್ತು.

ಸಿಟ್ಟು ಬಂದಿದ್ದು ಆಪರೇಷನ್ ಮಾಡಿದವರ ಮೇಲೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ “ಹಾಸನಕ್ಕೆ ಕೊಡಿ” ಅಂದರಂತೆ, ಅಷ್ಟೇ. ಒಂದು ಡಬ್ಬಿ ಫಾರ್ಮಲಿನ್ ಕೊಡೋಕೆ ಏನು ಧಾಡಿ? ಮನೆಗೆ ಹೋಗಿ, ಎರಡು ದಿನ ಇದನ್ನು ಹೇಗೆ ಕಾಪಾಡೋದು ಅಂತ ಯೋಚಿಸಿದವರು ಯಜಮಾನರೊಬ್ಬರೇ.

ಇವತ್ತು ಸ್ಲೈಡ್ ಬಂತು. ಹೊರಗೋಡೆ ಇದೆ, ಜೀವಕೋಶಗಳು ಕುಗ್ಗಿವೆ. ಒಳಪದರ ಬಹುತೇಕ ಇಲ್ಲ. ಕ್ಯಾನ್ಸರ್ ಇತ್ತೋ ಇಲ್ಲವೋ ನೋಡಬೇಕಿದ್ದದ್ದು ಅಲ್ಲೇ. ಇನ್ನೊಂದು ತುಂಡು ಕಳಿಸಿ ಅನ್ನೋಣ ಅಂದ್ರೆ ಇನ್ನೊಂದು ಪಿತ್ತಕೋಶ ಎಲ್ಲಿದೆ?

ಸೋಮವಾರ ರಿಪೋರ್ಟಿಗೆ ಬರುತ್ತಾರೆ. ಉಪ್ಪು ಸರಿಯಾಗೇ ಇತ್ತು ಯಜಮಾನ್ರೇ, ಅಂತ ಮೊದಲು ಹೇಳಬೇಕು.