ದಿನಚರಿ: ಸ್ಟಾಕ್ ಕೂರುತ್ತದೋ, ಕೂರಿಸಬೇಕೋ

17 ನವೆಂಬರ್ 2024, ಭಾನುವಾರ

‘ರೆಮಿಂಗ್ಟನ್ 700 ರೈಫಲ್‌ಗೆ ಹೊಂದುತ್ತದೆ’ ಎಂಬ ಒಂದೇ ಸಾಲು ನಂಬಿ ಸ್ಟಾಕ್ (ರೈಫಲ್ ಕೂರುವ ಮರದ ಅಥವಾ ಲೋಹದ ಮೈ) ತರಿಸಿದರೆ ಉಳಿದ ಕೆಲಸ ಅರದ ಪಾಲು. 1962ರ ಆ ರೈಫಲ್‌ನ ಅಡಿಯ ಆಕಾರವನ್ನೇ ಇವತ್ತಿಗೂ ಎಷ್ಟೋ ಆ್ಯಕ್ಷನ್ (ಬ್ಯಾರೆಲ್ ಹಿಂದೆ, ಕೈಯಿಂದ ಹಿಂದೆ-ಮುಂದೆ ಆಡಿಸುವ ಬೋಲ್ಟ್ ಎಂಬ ದಂಡ ಓಡುವ ಲೋಹದ ಭಾಗ) ತಯಾರಕರು ಅನುಸರಿಸುತ್ತಾರೆ, ನಿಜ. ಅಡಿ ಒಂದೇ ಆದರೂ ಸುತ್ತಲಿನ ಭಾಗಗಳು ಒಂದೇ ಅಲ್ಲ.

ಮೊದಲು ರಿಕಾಯಿಲ್ ಲಗ್, ಅಂದರೆ ಒದೆತವನ್ನು ಸ್ಟಾಕ್‌ಗೆ ದಾಟಿಸುವ ಲೋಹದ ತುಂಡು, ಅಳೆಯಬೇಕು. ಕಾರ್ಖಾನೆಯ ಲಗ್ ಸುಮಾರು 0.187 ಇಂಚು ದಪ್ಪ. ಬದಲಿಗೆ ಹಾಕುವುದು ಹೆಚ್ಚಾಗಿ 0.250 ಇಂಚು. ತೆಳು ಲಗ್ಗಿಗೆ ಕೊರೆದ ತೋಡಿನಲ್ಲಿ ದಪ್ಪನೆಯದು ಇಳಿಯುವುದೇ ಇಲ್ಲ. ಆಮೇಲೆ ಬೋಲ್ಟ್ ಬಿಡಿಸುವ ಗುಂಡಿ: ಕಸ್ಟಮ್ ಆ್ಯಕ್ಷನ್‌ಗಳಲ್ಲಿ ಅದು ಬಹಳ ಸಲ ಎಡಪಕ್ಕದ ಹೊರಗಿರುತ್ತದೆ, ಸ್ಟಾಕ್‌ನಲ್ಲಿ ಅದಕ್ಕೆ ಜಾಗ ಬೇಕು. ಬೋಲ್ಟ್ ಹಿಡಿ ಪೂರ್ತಿ ಕೆಳಗಿಳಿದಾಗ ಸ್ಟಾಕ್‌ಗೆ ತಾಗಕೂಡದು.

ಬೇರೆ ಆ್ಯಕ್ಷನ್ ಆದರೆ ಲೆಕ್ಕವೇ ಬೇರೆ. ಟಿಕ್ಕಾ ಟಿ3ಯಲ್ಲಿ ಲಗ್ ಇರುವುದು ಆ್ಯಕ್ಷನ್‌ನಲ್ಲಲ್ಲ, ಸ್ಟಾಕ್‌ನಲ್ಲಿ. ಸ್ಯಾವೇಜ್ ಆದರೆ ಆ್ಯಕ್ಷನ್ ಅನ್ನು ಸ್ಟಾಕ್‌ಗೆ ಬಿಗಿಯುವ ಎರಡು ಸ್ಕ್ರೂಗಳ ನಡುವಿನ ದೂರ ಅಳೆಯದೆ ದುಡ್ಡು ಬಿಚ್ಚಬಾರದು. ಮಾದರಿಯಿಂದ ಮಾದರಿಗೆ ಅದು ಬದಲಾಗುತ್ತದೆ.

ಮ್ಯಾಗಜೀನ್ (ಕಾಡತೂಸು ತುಂಬುವ ಪೆಟ್ಟಿಗೆ) ಸಿಟ್ಟು ತರಿಸುವ ಭಾಗ. ಕಳಚಿ ತೆಗೆಯುವ ಎಐಸಿಎಸ್ ಮಾದರಿಯದು ಬೇಕಿದ್ದರೆ ಸ್ಟಾಕ್ ತಳದಲ್ಲಿ ಅದಕ್ಕೆ ತಕ್ಕ ಎಂ5 ಕೊರೆತವಿದೆಯೇ ಎಂದು ಕೇಳಬೇಕು. ಹಳೆಯ ಬಿಡಿಎಲ್ (ತಳದ ಮುಚ್ಚಳ ತೆರೆಯುವ ರೆಮಿಂಗ್ಟನ್ ಮಾದರಿ) ಕೊರೆತಕ್ಕೆ ಎಂ5 ಬಾಟಮ್ ಮೆಟಲ್ (ಮ್ಯಾಗಜೀನ್ ಹಿಡಿಯುವ ತಳದ ಚೌಕಟ್ಟು) ಕೂರದು. ಮ್ಯಾಗಜೀನ್ ಕೂದಲೆಳೆಯಷ್ಟು ಕೆಳಗೆ ಕೂತರೂ ಬೋಲ್ಟ್ ಕಾಡತೂಸಿನ ಬುಡವನ್ನು ಹಿಡಿಯದೆ ಮೇಲೆ ಜಾರಿಹೋಗುತ್ತದೆ. ಮೇಲೆ ಕೂತರೆ ಬೋಲ್ಟ್‌ಗೆ ಉಜ್ಜುತ್ತದೆ.

ಸ್ಟಾಕ್‌ನಲ್ಲಿ ಬ್ಯಾರೆಲ್ ಕೂರುವ ತೋಡಿನ ಅಗಲವನ್ನು ಭಾರದ ಬ್ಯಾರೆಲ್‌ಗೆ ತಕ್ಕಂತೆ ಕೇಳಿ ಪಡೆಯಿರಿ. ಬ್ಯಾರೆಲ್‌ಗೂ ಸ್ಟಾಕ್‌ಗೂ ನಡುವೆ ಕಾಗದ ತೂರಿದರೆ ಸಾಕೆನ್ನುತ್ತಾರೆ. ಅದು ಸಾಲದು, ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಭಾರ ಹೇರಿದಾಗ ಮೆತ್ತನೆಯ ಫೋರೆಂಡ್ (ಸ್ಟಾಕ್‌ನ ಮುಂಭಾಗ) ಬಾಗಿ ಬ್ಯಾರೆಲ್ ಮುಟ್ಟುತ್ತದೆ. ಸುತ್ತಲೂ ಒಂದೂವರೆ ಮಿಲಿಮೀಟರ್ ಬಿಡುವುದು ವಾಸಿ.

ಜೋಡಿಸುವಾಗ ಚೇಂಬರ್ (ಕಾಡತೂಸು ಕೂರುವ ಗೂಡು) ಖಾಲಿಯಿರಲಿ, ಬೋಲ್ಟ್ ಹೊರಗಿರಲಿ. 700ರ ಸ್ಕ್ರೂ 1/4-28, ಅಂದರೆ ಕಾಲು ಇಂಚು ದಪ್ಪ, ಇಂಚಿಗೆ 28 ಎಳೆ. ಹೊಸ ಸ್ಟಾಕ್ ತೆಳುವಾಗಿದ್ದರೆ ಹಳೆಯ ಸ್ಕ್ರೂ ಉದ್ದವಾಗುತ್ತದೆ: ಮುಂದಿನದರ ತುದಿ ಬೋಲ್ಟ್ ತುದಿಯ ಲಗ್ಗಿಗೆ (ಬೀಗದ ಹಲ್ಲಿಗೆ) ತಡೆಯೊಡ್ಡುತ್ತದೆ, ಹಿಂದಿನದು ಬೋಲ್ಟ್ ಮೈಗೆ ಗೀರುತ್ತದೆ. ಬಿಗಿಸಿದ ಮೇಲೆ ಬೋಲ್ಟ್ ಹಾಕಿ ಆಡಿಸಿ ನೋಡಿದರೆ ಗೊತ್ತಾಗುತ್ತದೆ. ಅಲ್ಯುಮಿನಿಯಂ ಚಾಸಿಗೆ (ಲೋಹದ ಸ್ಟಾಕ್‌ಗೆ) ಸಾಮಾನ್ಯವಾಗಿ 65 ಇಂಚ್-ಪೌಂಡ್ ಬಿಗಿ. ಪಿಲ್ಲರ್ (ಸ್ಕ್ರೂ ಸುತ್ತಲಿನ ಲೋಹದ ಕೊಳವೆ) ಇಲ್ಲದ ಮರಕ್ಕೆ ಅಷ್ಟು ಬಿಗಿ ಬೇಡ, ನಾರು ನಜ್ಜುಗುಜ್ಜಾಗುತ್ತದೆ.

ಬೆಡ್ಡಿಂಗ್, ಅಂದರೆ ಆ್ಯಕ್ಷನ್ ಸರಿಯಾಗಿ ಕೂರಲು ಎಪಾಕ್ಸಿ ಅಂಟಿನ ಹಾಸು, ಬೇಕೇ ಎಂದು ಡಯಲ್ ಇಂಡಿಕೇಟರ್ (ಸಣ್ಣ ಅಲುಗಾಟ ಅಳೆಯುವ ಮಾಪಕ) ಹೇಳುತ್ತದೆ. ಅದರ ಬುಡವನ್ನು ಬ್ಯಾರೆಲ್‌ಗೆ ಕಚ್ಚಿಸಿ, ಅಳತೆಯ ಕಡ್ಡಿಯನ್ನು ಫೋರೆಂಡ್ ತುದಿಗೆ ತಾಗಿಸಿ, ಮುಂದಿನ ಸ್ಕ್ರೂ ನಿಧಾನ ಸಡಿಲಿಸಿ. ಮುಳ್ಳು 0.002 ಇಂಚಿಗಿಂತ ಹೆಚ್ಚು ಓಡಿದರೆ ಆ್ಯಕ್ಷನ್ ಎಲ್ಲೋ ಬಾಗಿ ಕೂತಿದೆ. ಎಪಾಕ್ಸಿ ಹಾಕುವುದಾದರೆ ಲಗ್ಗಿನ ಮುಂದೆ, ಪಕ್ಕ, ತಳಕ್ಕೆ ಟೇಪ್. ಹಿಂಬದಿ ಮಾತ್ರ ಬರಿದಾಗಿರಲಿ, ಒದೆತವನ್ನು ಹೊರುವುದು ಅದೇ. ರಿಲೀಸ್ ಏಜೆಂಟ್ (ಎಪಾಕ್ಸಿ ಅಂಟದಂತೆ ತಡೆಯುವ ಲೇಪ) ಸ್ಕ್ರೂ ಎಳೆಗಳಿಗೂ ಬಳಿಯದಿದ್ದರೆ ರೈಫಲ್ಲೂ ಸ್ಟಾಕೂ ಜನ್ಮಕ್ಕೆ ಬೇರೆಯಾಗುವುದಿಲ್ಲ.

ಕೊನೆಗೆ ಕೆನ್ನೆಯ ಆನಿಕೆ. 56 ಮಿ.ಮೀ. ಸ್ಕೋಪ್‌ಗೆ ಅದನ್ನು ಸಾಮಾನ್ಯವಾಗಿ ಎತ್ತರಿಸಬೇಕಾಗುತ್ತದೆ, ಎತ್ತರಿಸಿದರೆ ಬೋಲ್ಟ್ ಹಿಂದಕ್ಕೆ ಬಂದು ಅದಕ್ಕೇ ಗುದ್ದಬಹುದು. ಸ್ಕ್ರೂ ತಿರುಗಿಸದೆ, ಗುಂಡಿಯೊತ್ತಿ ಇಳಿಸುವಂಥದನ್ನೇ ಆರಿಸಿ.