ಮಾಮ್ಸೆನ್ ಮನೆಗೆ ಬೆಂಕಿ, ನಮ್ಮನೆಗೆ ನೀರು

ಮೂರು ವಾರದಿಂದ ಲೋಕಲ್ ಟ್ರೇನಲ್ಲಿ ನಿಂತ್ಕೊಂಡೇ ಥಿಯೋಡೋರ್ ಮಾಮ್ಸೆನ್ ಬಗ್ಗೆ ಓದ್ತಾ ಇದ್ದೀನಿ. ರೋಮ್ ಇತಿಹಾಸ ಬರೆದ ಜರ್ಮನ್ ವಿದ್ವಾಂಸರು, 1902ರಲ್ಲಿ ಸಾಹಿತ್ಯದ ನೊಬೆಲ್ ಬಂದಾಗ ವಯಸ್ಸು 85. ಎಲ್ರೂ ಹೇಳೋದು ಆ ನೊಬೆಲ್ ಬಗ್ಗೇನೆ. ನನಗೆ ಮಾತ್ರ ಅವರು ಕಲ್ಲಿನ ಶಾಸನ ಹುಡುಕಿ ಓದಿದ ಕೆಲಸವೇ ದೊಡ್ಡದು ಅನ್ಸುತ್ತೆ, ಅದಕ್ಕೆ ಕಾರಣ ನಮ್ಮಪ್ಪ.

ಮಾಮ್ಸೆನ್ ಓದಿದ್ದು ಕಾನೂನು. ಡೆನ್ಮಾರ್ಕ್ ರಾಜನ ಸ್ಕಾಲರ್‌ಶಿಪ್ ಸಿಕ್ಕಿ 1844ರಲ್ಲಿ ಊರು ಬಿಟ್ಟು ಇಟಲಿಗೆ ಹೋದ್ರು, ಅಲ್ಲಿ ಶಾಸನದ ಹುಚ್ಚು ಹತ್ತಿತು. ಸ್ಯಾನ್ ಮರಿನೋದಲ್ಲಿದ್ದ ಬೊರ್ಗೇಸಿ ಅನ್ನೋ ಹಿರಿಯರ ಹತ್ರ ಪಾಠ ಆಯ್ತು. ಆಗೆಲ್ಲ ಪುಸ್ತಕದಿಂದ ಪುಸ್ತಕಕ್ಕೆ ಶಾಸನ ನಕಲು ಮಾಡೋದೇ ರೂಢಿ, ಕೆಲವರಂತೂ ಇಲ್ಲದ ಶಾಸನ ಹುಟ್ಟಿಸಿ ಬರೆದುಬಿಟ್ಟಿದ್ರು, ಯಾವುದು ಅಸಲಿ ಯಾವುದು ನಕಲಿ ಗೊತ್ತಾಗ್ತಿರಲಿಲ್ಲ. ಮಾಮ್ಸೆನ್ ಹಠ ಒಂದೇ, ಕಲ್ಲು ಇದೆಯಾ, ಹೋಗಿ ನೋಡಿ. ನೇಪಲ್ಸ್ ರಾಜ್ಯದ ಊರೂರು ಸುತ್ತಿ ಅಲ್ಲಿನ ಲ್ಯಾಟಿನ್ ಶಾಸನಗಳ ಸಂಪುಟ 1852ರಲ್ಲಿ ತಂದ್ರು. ಅದರ ಹಿಂದಿನ ವರ್ಷ ಲೈಪ್‌ಝಿಗ್‌ನಲ್ಲಿ ರಾಜಕೀಯದ ಕಾರಣಕ್ಕೆ ಪ್ರೊಫೆಸರ್ ಕೆಲಸ ಹೋಗಿತ್ತು! ಆಮೇಲೆ ಜ್ಯೂರಿಕ್, ಬ್ರೆಸ್ಲಾವ್, ಕೊನೆಗೆ ಬರ್ಲಿನ್. ರೋಮ್ ಸಾಮ್ರಾಜ್ಯದಲ್ಲಿ ಸಿಕ್ಕ ಲ್ಯಾಟಿನ್ ಶಾಸನಗಳನ್ನೆಲ್ಲ ಪ್ರಾಂತ್ಯವಾರು ಸೇರಿಸೋ ದೊಡ್ಡ ಯೋಜನೆ ಅವರ ನೇತೃತ್ವದಲ್ಲೇ ಶುರುವಾಯ್ತು, ಮೊದಲ ಸಂಪುಟ 1863ರಲ್ಲಿ ಬಂತು, ಆ ಕೆಲಸ ಇವತ್ತಿಗೂ ನಡೀತಿದೆ.

ನಮ್ಮಪ್ಪ ಹಗಲು ಮಿಲ್‌ನಲ್ಲಿ ಗುಮಾಸ್ತ, ಸಂಜೆ ಮುಂಬೈಯ ಕನ್ನಡ ರಾತ್ರಿ ಶಾಲೆಯಲ್ಲಿ ಮೇಷ್ಟ್ರು. ಪ್ರತಿ ಮೇ ತಿಂಗಳು ಸೊರಬದ ಹತ್ರ ನಮ್ಮೂರಿಗೆ ಹೋದ್ರೆ ಹೊಲ, ಕೆರೆ ಏರಿ, ಗುಡಿ ಹಿಂದೆ ಇರೋ ವೀರಗಲ್ಲುಗಳ ಅಕ್ಷರಾನ ಕಾಗದಕ್ಕೆ ಒತ್ತಿ ಪಡಿಯಚ್ಚು ತೆಗೀತಿದ್ರು. ಯಾರೂ ಹೇಳಿಕೊಟ್ಟಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಮುಂಬೈಲಿ ಕಲೀನಾದ ನಮ್ಮ ಗ್ರೌಂಡ್ ಫ್ಲೋರ್ ರೂಮಲ್ಲಿ ಮಂಚದ ಕೆಳಗೆ ಸುತ್ತಿಟ್ಟ ಕಾಗದದ ಸುರುಳಿ, ಪಕ್ಕದಲ್ಲಿ ನೋಟ್‌ಬುಕ್‌ಗಳ ಟ್ರಂಕು.

1880ರ ಜುಲೈನಲ್ಲಿ ಒಂದು ರಾತ್ರಿ ಮಾಮ್ಸೆನ್ ಮನೆಗೆ ಬೆಂಕಿ ಬಿತ್ತು. ಆಗ ಅವರಿಗೆ 62. ಸಾವಿರಾರು ಪುಸ್ತಕ, ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿ ಸುಟ್ಟುಹೋಯ್ತು, ಒಳಗೆ ನುಗ್ಗೋಕೆ ಹೋದ ಮಾಮ್ಸೆನ್‌ರನ್ನ ಹಿಡಿದು ನಿಲ್ಲಿಸಬೇಕಾಯ್ತಂತೆ. ಜೊತೆಗೆ ಬೇರೆ ಲೈಬ್ರರಿಗಳಿಂದ ತರಿಸಿಕೊಂಡಿದ್ದ ಹಳೇ ಹಸ್ತಪ್ರತಿಗಳೂ ಹೋದವು, ಯೋರ್ಡಾನೆಸ್ ಅನ್ನೋ ಆರನೇ ಶತಮಾನದ ಇತಿಹಾಸಕಾರನ ಒಂದು ಬಹಳ ಹಳೇ ಪ್ರತಿ ಅದರಲ್ಲಿತ್ತು. ಇದನ್ನ ಓದ್ತಾ ಇದ್ದಾಗ ಇಳಿಯೋ ಸ್ಟೇಷನ್ನೇ ತಪ್ಪಿಹೋಯ್ತು ನಂಗೆ.

ನಮ್ಮನೆಗೆ ನೀರು ನುಗ್ಗಿದ್ದು 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ, ಮಿಠಿ ನದಿ ಉಕ್ಕಿ ಮನೆಯೊಳಗೆ ಎದೆಮಟ್ಟ ನೀರು. ಎರಡು ದಿನ ಆದ್ಮೇಲೆ ಬಾಗಿಲು ತೆಗೆದ್ರೆ ಸುರುಳಿಗಳೆಲ್ಲ ಕರಗಿ ಕಪ್ಪು ಮುದ್ದೆ, ಕೈಯಲ್ಲಿ ಹಿಡಿದ್ರೆ ರಾಗಿ ಅಂಬಲಿ ಥರ ಜಾರ್ತಿತ್ತು. ಅಪ್ಪ ತನ್ನ ಕಾಗದದ ಬಗ್ಗೆ ಏನೂ ಅನ್ಲಿಲ್ಲ. ಸ್ನೇಹಿತರಿಂದ ತಂದಿದ್ದ, ನಮ್ಮ ನಾಡಿನ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟ ನೆನೆದು ಹೋಗಿತ್ತಲ್ಲ, ಅದನ್ನ ಒಂದೊಂದೇ ಹಾಳೆ ಬಿಡಿಸ್ತಾ ಅತ್ತುಬಿಟ್ರು. ಬೇರೆಯವರ ವಸ್ತು ನಮ್ಮ ಮನೇಲಿ ಹಾಳಾದ್ರೆ ಎಷ್ಟು ಸಂಕಟ ಅಂತ ಅವತ್ತು ನೋಡಿದ್ದೆ, ಮಾಮ್ಸೆನ್‌ಗೂ ಹಾಗೇ ಆಗಿರುತ್ತೆ.

ಬೆಂಕಿ ಬಿದ್ದ ಎರಡೇ ವರ್ಷಕ್ಕೆ, 1882ರಲ್ಲಿ, ಅವರು ಸಂಪಾದಿಸಿದ ಯೋರ್ಡಾನೆಸ್ ಅಚ್ಚಾಗಿ ಬಂತು.

ಅಪ್ಪನೂ ಮುಂದಿನ ಮೇ ತಿಂಗಳು ಕಾಗದ, ಮಸಿ ಕಟ್ಕೊಂಡು ಹೊರಟ್ರು, ಈ ಸಲ ನಾನೂ ಜೊತೆಗೆ. ಕೆರೆ ಏರಿ ಮೇಲೆ ತುರುಗೊಳ್‌ನಲ್ಲಿ, ಅಂದ್ರೆ ದನಗಳನ್ನ ಹೊಡ್ಕೊಂಡು ಹೋಗೋ ಕಾಳಗದಲ್ಲಿ, ಸತ್ತವನ ಕಲ್ಲು. ತೆಂಗಿನ ನಾರಲ್ಲಿ ಪಾಚಿ ಉಜ್ಜಿ ತೊಳೆದ್ವಿ, ಒದ್ದೆ ಕಾಗದ ಹಾಸಿ ಬ್ರಷ್‌ನಿಂದ ಬಡಿದು ಬಡಿದು ಅಕ್ಷರದ ಗುಳಿಯೊಳಗೆ ಕೂರಿಸಿದ್ವಿ, ಸ್ವಲ್ಪ ಆರಿದ್ಮೇಲೆ ಬಟ್ಟೆ ಉಂಡೆಯಲ್ಲಿ ಮಸಿ ತಟ್ಟಿದ್ರೆ ಕಪ್ಪು ನೆಲದ ಮೇಲೆ ಅಕ್ಷರ ಬೆಳ್ಳಗೆ ಎದ್ದು ಬಂತು. ಅಪ್ಪ ಕನ್ನಡಕ ಹಣೆಗೇರಿಸಿ ಮೂಗು ತಾಗೋ ಹಾಗೆ ಬಗ್ಗಿ ಎರಡನೇ ಸಾಲಿನ ಹೆಸರನ್ನ ಬಹಳ ಹೊತ್ತು ನೋಡಿದ್ರು.

"ಮಗಾ, ಇಲ್ನೋಡು, ಇದು ವ ಅಲ್ಲ, ಮ. ಹದಿನೈದು ವರ್ಷದಿಂದ ತಪ್ಪು ಓದಿದ್ದೆ ಕಣೋ" ಅಂದ್ರು, ಮುಖ ತುಂಬಾ ನಗು.